ಗಾಯ ಮಾಗಿತೆಂದು ಚಿಕಿತ್ಸೆ ನಿಲ್ಲಿಸಬೇಡಿ

(ಹಾಲು ಉತ್ಪಾದಕರ ಸಭೆಯೊಂದರಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಬಗ್ಗೆ ನಿಮಗೆ ಹಲವು ಸಲ ಹೇಳಿದ್ದೇನೆ. ಇಂದು ಕೊಂಬಿನ ಕ್ಯಾನ್ಸರಿನ ವಿಚಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ ಉಳಲು ಇನ್ನೂ ಹಳ್ಳಿಕಾರ್ ಎತ್ತು ಕಟ್ಟಿದವರಿದ್ದೀರಿ. ಈ ರೋಗ ಹೆಚ್ಚಾಗಿ ಬರುವುದು 5ರಿಂದ 10 ವರ್ಷದ ನಾಟಿ ಎತ್ತುಗಳಿಗೆ, ಹಸುಗಳಿಗೂ ಬರಬಹುದು.

ಗುರುತು ಹೀಗಿದೆ. ಎತ್ತು ಪದೇ ಪದೇ ತಲೆ ಒದರುತ್ತದೆ, ತಲೆಯನ್ನು ಒಂದು ಕಡೆಗೆ ವಾಲಿಸುತ್ತದೆ, ಕೊಂಬನ್ನು ತೆಂಗಿನ ಮರಕ್ಕೋ ಗೂಟಕ್ಕೋ ಉಜ್ಜುತ್ತದೆ. ಆ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತ ಬರಬಹುದು. ಬರಬರುತ್ತಾ ಕೊಂಬು ಸಡಿಲವಾಗಿ ಬಾಗುತ್ತದೆ. ಕಳಚಿ ಬಿದ್ದರೆ ಒಳಗೆ ಹೂಕೋಸಿನಂಥ ಗೆಡ್ಡೆ ಕಾಣುತ್ತದೆ.

ಕೆಲ ವರ್ಷಗಳ ಹಿಂದೆ ಒಬ್ಬ ರೈತರು ಇಂಥ ಎತ್ತು ತಂದರು. ಶಸ್ತ್ರಚಿಕಿತ್ಸೆ ಮಾಡಿ ಕೊಂಬನ್ನು ಬುಡಸಮೇತ ತೆಗೆದೆವು, ಒಂದು ಇಂಜೆಕ್ಷನ್ನೂ ಕೊಟ್ಟೆವು. ಎರಡು ವಾರದಲ್ಲಿ ಗಾಯ ಚೆನ್ನಾಗಿ ಮಾಗಿತು. "ವಾಸಿಯಾಯ್ತಲ್ಲ ಡಾಕ್ಟ್ರೇ, ಮತ್ಯಾಕೆ ಸೂಜಿ?" ಎಂದು, ಕೊಬ್ಬರಿ ಸುಲಿಯುವ ಕೆಲಸದಲ್ಲಿ ಮುಳುಗಿ, ಅವರು ಮತ್ತೆ ಬರಲಿಲ್ಲ. ಮೂರು ತಿಂಗಳಿಗೆ ಗೆಡ್ಡೆ ಮರಳಿ ಬಂತು, ಎತ್ತು ಉಳಿಯಲಿಲ್ಲ. ಮುಂದಿನ ಸೂಜಿ ಏಕೆ ಬೇಕೆಂದು ನಾನು ಅಂದೇ ಬಿಡಿಸಿ ಹೇಳಬೇಕಿತ್ತು. ಈಗ ಹೇಳುತ್ತೇನೆ.

ಚಾಕು ತೆಗೆಯುವುದು ಕಣ್ಣಿಗೆ ಕಂಡ ಗೆಡ್ಡೆಯನ್ನು ಮಾತ್ರ. ಕಾಣದ ಕಣಗಳು ಉಳಿದಿರಬಹುದು. ಅವು ಕಡಿಮೆ ಇರುವಾಗಲೇ ಔಷಧಿ ಬಿದ್ದರೆ ಹಿಡಿತಕ್ಕೆ ಸಿಗುತ್ತವೆ; ತಡವಾದರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಕಳೆ ಕಿತ್ತ ಹೊಲದಲ್ಲಿ ಉಳಿದ ಗರಿಕೆ ಬೇರಿನ ಹಾಗೆ. ಆದರೆ ಅವಸರವೂ ಸಲ್ಲದು. ಈ ಔಷಧಿ ಗಾಯ ಮಾಗುವುದನ್ನು ನಿಧಾನಿಸಬಹುದು, ರಕ್ತದ ಬಿಳಿ ಕಣಗಳನ್ನು ತಗ್ಗಿಸಬಹುದು. ಆದ್ದರಿಂದ ದಿನ ಗೊತ್ತುಮಾಡುವುದು ವೈದ್ಯರ ಕೆಲಸ. ಆ ದಿನ ತಪ್ಪದೆ ಬರುವುದು ನಿಮ್ಮ ಕೆಲಸ.

ಔಷಧಿಯ ಹೆಸರು ವಿನ್‌ಕ್ರಿಸ್ಟಿನ್. ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದಲೇ ತೆಗೆದದ್ದು. ಹಾಗೆಂದು ಸೊಪ್ಪು ಅರೆದು ಕುಡಿಸಬೇಡಿ, ಅದು ವಿಷ. ಇಂಜೆಕ್ಷನ್ನನ್ನು ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಮೂರು ನಾಲ್ಕು ಬಾರಿ, ರಕ್ತನಾಳಕ್ಕೇ ಕೊಡಬೇಕು. ಹೊರಗೆ ಸೋರಿದರೆ ಅಲ್ಲಿನ ಮಾಂಸ ಕೊಳೆಯುತ್ತದೆ. ಗರ್ಭಿಣಿಯರು ಆ ರಾಸಿನ ಸಗಣಿ, ಗಂಜಲ ಮುಟ್ಟಬಾರದು. ಕರೆಯುವ ಹಸುವಾದರೆ, ವೈದ್ಯರು ಹೇಳುವವರೆಗೆ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.

ಕೊನೆಗೆ ಒಂದು ಮಾತು. ನಾನು ದನದ ಡಾಕ್ಟರು. ಮನುಷ್ಯರ ಚಿಕಿತ್ಸೆ ಹೇಳುವವನಲ್ಲ. ಆದರೂ ಮನೆಯಲ್ಲಿ ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿದ್ದು, ಕೀಮೋಥೆರಪಿ ಬೇಕೆಂದು ವೈದ್ಯರು ಹೇಳಿದ್ದರೆ, ಹಬ್ಬ, ಮದುವೆ, ಕೊಬ್ಬರಿ ಎಂದು ಮುಂದೂಡಬೇಡಿ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದೊಳಗೆ ಆರಂಭಿಸುತ್ತಾರೆ. ಮೂರು ತಿಂಗಳು ದಾಟಿದರೆ ಬದುಕುಳಿಯುವ ಸಾಧ್ಯತೆ ತಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಈ ಕೆಲಸದಲ್ಲಿದೆ. ಅನುಮಾನವಿದ್ದರೆ ಅಲ್ಲಿಯ ವೈದ್ಯರನ್ನು ಕೇಳಿ. ಗಾಯ ಮಾಗಿದ್ದು ಅರ್ಧ ಕೆಲಸವಷ್ಟೇ.