ಹಳೆಯ ಜೀಪು ಮತ್ತು ಗುಡ್ಡದ ಹಾದಿ



ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಹೊಸನಗರದ ಕಡೆಯವರಿಗೆ ಜೀಪನ್ನು ಪರಿಚಯಿಸುವ ಅಗತ್ಯವಿಲ್ಲ. ಕಾಫಿ ಮೂಟೆ, ಗೊಬ್ಬರ, ಕೆಲಸದಾಳುಗಳು ತೋಟಕ್ಕೆ ಹೋಗಿಬರುವುದು ಅದರಲ್ಲಿ. ಮಳೆಗಾಲದಲ್ಲಿ ಒಂಟಿಮನೆಯ ರೋಗಿಯನ್ನು ಡಾಂಬರು ರಸ್ತೆಯವರೆಗೆ ತಲುಪಿಸುವುದೂ ಎಷ್ಟೋ ಕಡೆ ಅದೇ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸಿದ್ದೂ ಜೀಪುಗಳೇ. ಈಚೆಗೆ ಇಂಥ ಹಳೆಯ ವಾಹನಗಳನ್ನು ಕೊಂಡು, ಮಾರ್ಪಡಿಸಿ, ಕಚ್ಚಾ ಹಾದಿಯಲ್ಲಿ ಓಡಿಸುವುದು ಯುವಕರಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. ಹಳೆಯ ಜೀಪನ್ನು ಗುಡ್ಡದ ಹಾದಿಗೆ ಸಜ್ಜುಗೊಳಿಸುವಾಗ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು, ಏಕೆ ಎಂಬುದು ಇಂದಿನ ಮಾತಿನ ವಿಷಯ. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿರುವ ತತ್ತ್ವಗಳೇ ಇಲ್ಲಿ ಕಬ್ಬಿಣ ಮತ್ತು ಗ್ರೀಸಿನ ರೂಪದಲ್ಲಿ ಎದುರಾಗುತ್ತವೆ.

ಮೊದಲು ಸ್ವಲ್ಪ ಚರಿತ್ರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ನಡುವೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಸೇನೆಗಾಗಿ ತಯಾರಿಸಿದವು. ಯುದ್ಧರಂಗದಲ್ಲಿಯೇ ಬಿಚ್ಚಿ ಜೋಡಿಸಲು ಸಾಧ್ಯವಾಗಬೇಕು ಎಂಬುದು ಅದರ ರಚನೆಯ ಹಿಂದಿದ್ದ ಉದ್ದೇಶಗಳಲ್ಲಿ ಒಂದು. 1947ರಲ್ಲಿ ಮಹೀಂದ್ರ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ಸಿಜೆ 3ಬಿ ಎಂಬ ಮಾದರಿಯ ತಯಾರಿಕೆ ಅಮೆರಿಕದಲ್ಲಿ 1968ರಲ್ಲಿ ನಿಂತರೂ ನಮ್ಮಲ್ಲಿ ಅದರ ವಂಶ ಬೆಳೆಯುತ್ತಲೇ ಹೋಯಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಬಂತು. 2010ರಲ್ಲಿ ಬಂದ ಮೊದಲ ಥಾರ್ ಕೂಡ ಇದೇ ಮನೆತನದ್ದು. ಆದ್ದರಿಂದಲೇ ದಶಕಗಳಷ್ಟು ಹಳೆಯ ಜೀಪಿಗೂ ಬಿಡಿಭಾಗ ಸಿಗುತ್ತದೆ. ಸಿಗದಿದ್ದರೆ ಲೇತ್ ಇರುವ ಯಾವ ಪೇಟೆಯಲ್ಲಾದರೂ ಟರ್ನರ್ ಒಬ್ಬರು ಅನೇಕ ಭಾಗಗಳನ್ನು ಕಡೆದು ಕೊಡಬಲ್ಲರು.

ಈ ಪುಟ್ಟ ವಾಹನ ಗುಡ್ಡ ಹತ್ತುವುದು ಹೇಗೆ? ಎಂಜಿನ್ನಿನ ಬಲ ದೊಡ್ಡದೇನಲ್ಲ. ಗುಟ್ಟು ಇರುವುದು ಗೇರುಗಳಲ್ಲಿ. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವುದು, ಬೇಕಾದಾಗ ವೇಗವನ್ನು ಮತ್ತಷ್ಟು ತಗ್ಗಿಸಿ ತಿರುಗುಬಲವನ್ನು ಹೆಚ್ಚಿಸುವುದು ಅದರ ಕೆಲಸ. ಸಿಜೆ 3ಬಿ ಜೀಪಿನಲ್ಲಿ ಒಂದನೇ ಗೇರಿನ ಅನುಪಾತ ಸುಮಾರು 2.8, ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನದು ಸುಮಾರು 2.5, ಆಕ್ಸಲಿನದು ಸುಮಾರು 5.4. ಮೂರನ್ನೂ ಗುಣಿಸಿ: ಸುಮಾರು 38. ಅಂದರೆ ಎಂಜಿನ್ 38 ಸುತ್ತು ತಿರುಗಿದಾಗ ಚಕ್ರ ಒಂದೇ ಸುತ್ತು ತಿರುಗುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟರೆ ಚಕ್ರಕ್ಕೆ ದೊರೆಯುವ ತಿರುಗುಬಲ 38 ಪಟ್ಟು. ಟೈರಿನ ವ್ಯಾಸ 28 ಅಂಗುಲವಿದ್ದು, ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಜೀಪಿನ ವೇಗ ಗಂಟೆಗೆ ಸುಮಾರು ಮೂರೂವರೆ ಕಿಲೋಮೀಟರು. ಮನುಷ್ಯ ನಿಧಾನವಾಗಿ ನಡೆಯುವ ವೇಗ! ಇಳಿಜಾರಿನಲ್ಲೂ ಇದೇ ಗೇರು ವಾಹನವನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕಿನ ಮೇಲೆ ಭಾರ ಬೀಳುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಜೀಪು ಎಂದ ಮಾತ್ರಕ್ಕೆ ನಾಲ್ಕೂ ಚಕ್ರಕ್ಕೆ ಚಾಲನೆ ಇರುತ್ತದೆಂದು ತಿಳಿಯಬಾರದು; ಹಿಂದಿನ ಎರಡು ಚಕ್ರಗಳಿಗಷ್ಟೇ ಚಾಲನೆ ಇರುವ ಜೀಪುಗಳು ನಮ್ಮಲ್ಲಿ ಬಹಳ. ಕೊಳ್ಳುವ ಮೊದಲು ಕೆಳಗೆ ಬಗ್ಗಿ ನೋಡಬೇಕು. ಎರಡನೆಯದಾಗಿ, ಇದ್ದರೂ ಅದನ್ನು ಒಣ ಡಾಂಬರು ರಸ್ತೆಯಲ್ಲಿ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಮಣ್ಣಿನಲ್ಲಾದರೆ ಟೈರು ಕೊಂಚ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲಾಗದೆ ಶಾಫ್ಟುಗಳು ಬಿಗಿದುಕೊಂಡು ಗೇರಿನ ಹಲ್ಲುಗಳಿಗೇ ಹಾನಿಯಾಗಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಜೀಪು ಕೈಗೆ ಬಂದೊಡನೆ ಹೆಚ್ಚಿನವರು ದೊಡ್ಡ ಟೈರು, ಎತ್ತರದ ಸ್ಪ್ರಿಂಗು, ಸಾಲು ಸಾಲು ದೀಪಗಳ ಕಡೆಗೆ ಓಡುತ್ತಾರೆ. ಸರಿಯಾದ ಕ್ರಮ ಇದಕ್ಕೆ ತೀರ ವಿರುದ್ಧವಾದದ್ದು. ಕಾರ್ಖಾನೆಯಿಂದ ಹೊರಬಿದ್ದ ದಿನ ಅದು ಹೇಗಿತ್ತೋ ಆ ಸ್ಥಿತಿಗೆ ಮೊದಲು ಮರಳಿಸಬೇಕು. ದುರಸ್ತಿಯಾಗದ ವಾಹನಕ್ಕೆ ಮಾಡಿದ ಮಾರ್ಪಾಡು ಒಳಗಿನ ದೋಷವನ್ನು ಮುಚ್ಚುತ್ತದೆ. ಮುಚ್ಚಿದ ದೋಷ ಬಯಲಾಗುವುದು ಇಳಿಜಾರಿನಲ್ಲಿ.

ಮೊದಲ ಸ್ಥಾನ ಬ್ರೇಕಿಗೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಬಹಳ ಹಳೆಯವುಗಳಲ್ಲಿ ನಾಲ್ಕಕ್ಕೂ ಸೇರಿ ಆಯಿಲಿನ ಮಾರ್ಗ ಒಂದೇ. ಎಲ್ಲಾದರೊಂದು ಕಡೆ ಸೋರಿದರೆ ನಾಲ್ಕೂ ಬ್ರೇಕು ಹೋದಂತೆಯೇ. ಪರೀಕ್ಷೆ ಸುಲಭ. ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ದ್ರವವನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು ಎಂಬ ಪಾಠವನ್ನು ನೆನಪಿಸಿಕೊಳ್ಳಿ. ಬ್ರೇಕ್ ಆಯಿಲು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ಉದ್ದನೆಯ ಘಾಟಿಯಲ್ಲಿ ಬ್ರೇಕು ಕಾದು ಆಯಿಲು ಕುದಿದರೆ ಆವಿಯ ಗುಳ್ಳೆಗಳಾಗಿ ಪೆಡಲು ನೆಲಕ್ಕೆ ಹೋಗುತ್ತದೆ. ಆದ್ದರಿಂದ ಆಯಿಲನ್ನು ಕಾಲಕಾಲಕ್ಕೆ ಬದಲಿಸಬೇಕು.

ಎರಡನೆಯದು ಸ್ಟಿಯರಿಂಗು. ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಅಲುಗಾಡಿಸಲಿ. ಇನ್ನೊಬ್ಬರು ಮುಂದೆ ಕುಳಿತು ಒಂದೊಂದು ಕೀಲನ್ನೂ ನೋಡಲಿ. ಯಾವ ಕೀಲಿನಲ್ಲಿ ಒಂದು ಬದಿ ಅಲುಗಿ ಇನ್ನೊಂದು ಬದಿ ತಡವಾಗಿ ಅಲುಗುತ್ತದೋ ಅದು ಸವೆದಿದೆ. ಮೂರನೆಯದು ಚಾಸಿಸ್. ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಖಣಖಣ ಎನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂದವಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಕೆಸರು ಮೆತ್ತಿಕೊಂಡ ಮೂಲೆಗಳನ್ನು ವಿಶೇಷವಾಗಿ ನೋಡಬೇಕು. ಕೆಳಗೆ ನುಸುಳುವ ಮುನ್ನ ಒಂದು ನಿಯಮ: ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡು ಕೊಟ್ಟು, ಚಕ್ರಕ್ಕೆ ಅಡ್ಡ ಕಟ್ಟೆಯಿಟ್ಟ ಮೇಲೆಯೇ ಕೆಲಸ.

ಇಷ್ಟೆಲ್ಲ ಸರಿಯಾದ ಮೇಲೆ ಮಾರ್ಪಾಡಿನ ಮಾತು. ಪ್ರತಿಯೊಂದು ಮಾರ್ಪಾಡಿಗೂ ಬೇರೆಲ್ಲೋ ಬೆಲೆ ತೆರಬೇಕಾಗುತ್ತದೆ. ಟೈರನ್ನೇ ನೋಡಿ. 28 ಅಂಗುಲದ ಬದಲು 31 ಅಂಗುಲದ ಟೈರು ಹಾಕಿದರೆ ಆಕ್ಸಲು ನೆಲದಿಂದ ಒಂದೂವರೆ ಅಂಗುಲ ಮೇಲೇಳುತ್ತದೆ. ಕಲ್ಲು ತಾಗುವುದು ಕಡಿಮೆಯಾಗುತ್ತದೆ. ಇದು ಲಾಭ. ಆದರೆ ಸುತ್ತಳತೆ ನೂರಕ್ಕೆ ಸುಮಾರು 11ರಷ್ಟು ಹೆಚ್ಚಿತು. ನೆಲದ ಮೇಲೆ ಸಿಗುವ ಎಳೆತದ ಬಲ ನೂರಕ್ಕೆ 10ರಷ್ಟು ಕುಗ್ಗಿತು. ಮೀಟರು 50 ತೋರಿಸುವಾಗ ನಿಜವಾದ ವೇಗ 55. ಬ್ರೇಕು ಮಾತ್ರ ಹಳೆಯದೇ. ಅದು ಈಗ ದೊಡ್ಡದಾದ, ಭಾರವಾದ ಚಕ್ರವನ್ನು ನಿಲ್ಲಿಸಬೇಕು.

ಇನ್ನು ಕಮಾನು ಪಟ್ಟಿಗಳನ್ನು, ಅಂದರೆ ಲೀಫ್ ಸ್ಪ್ರಿಂಗುಗಳನ್ನು ಎತ್ತರಿಸುವುದು. ಜೀಪಿನ ಎಡ ಬಲ ಚಕ್ರಗಳ ನಡುವಣ ಅಂತರ ಸುಮಾರು 122 ಸೆಂಟಿಮೀಟರು. ಅದರ ಅರ್ಧ 61. ಲೆಕ್ಕಕ್ಕಾಗಿ ಗುರುತ್ವ ಕೇಂದ್ರದ ಎತ್ತರ 66 ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. 61ನ್ನು 66ರಿಂದ ಭಾಗಿಸಿ ಅದರ ಟ್ಯಾಂಜೆಂಟ್ ಕೋನ ಹುಡುಕಿದರೆ ಸುಮಾರು 43 ಡಿಗ್ರಿ. ವಾಹನ ಅಷ್ಟು ವಾಲಿದರೆ ಮಗುಚುತ್ತದೆ. ಗುರುತ್ವ ಕೇಂದ್ರವನ್ನು 10 ಸೆಂಟಿಮೀಟರು ಎತ್ತರಿಸಿದರೆ ಆ ಕೋನ 39 ಡಿಗ್ರಿಗೆ ಇಳಿಯುತ್ತದೆ. ಇದು ನಿಂತ ವಾಹನದ ಲೆಕ್ಕ. ಸ್ಪ್ರಿಂಗು ಕುಗ್ಗುವುದು, ಚಕ್ರ ಕಲ್ಲಿನ ಮೇಲೆ ಹಾರುವುದು, ಹಿಂದೆ ಜನ ನಿಂತಿರುವುದು ಸೇರಿದರೆ ನಿಜವಾದ ಮಿತಿ ಇನ್ನೂ ಬಹಳ ಕೆಳಗಿರುತ್ತದೆ. ಎತ್ತರಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರು ಕೊಳವೆ ಮೊದಲಿನ ಉದ್ದದ್ದೇ ಆಗಿದ್ದರೆ ಚಕ್ರ ಪೂರ್ತಿ ಕೆಳಗಿಳಿದಾಗ ಸೆಳೆದು ಹರಿಯಬಹುದು. ಒಂದನ್ನು ಮುಟ್ಟಿದವರು ಅದರ ಜೊತೆಗಿರುವ ಎಲ್ಲವನ್ನೂ ನೋಡಬೇಕು.

ಹಾಗಾದರೆ ಮಾರ್ಪಾಡೇ ಬೇಡವೇ? ಕಡಿಮೆ ಖರ್ಚಿನ, ಹೆಚ್ಚು ಪ್ರಯೋಜನದ ಕೆಲಸಗಳೂ ಇವೆ. ಹಳ್ಳ ದಾಟುವುದನ್ನು ಯೋಚಿಸಿ. ಓಡಿ ಬಿಸಿಯಾದ ಆಕ್ಸಲು ತಣ್ಣೀರಿಗಿಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮಾರನೆಯ ದಿನ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಆಕ್ಸಲಿನ ಗಾಳಿರಂಧ್ರಕ್ಕೆ ಒಂದು ರಬ್ಬರು ನಳಿಗೆ ಜೋಡಿಸಿ ಅದರ ತುದಿಯನ್ನು ಎತ್ತರದಲ್ಲಿ ಕಟ್ಟಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಎಂಜಿನ್ ಗಾಳಿ ಸೆಳೆಯುವ ಬಾಯಿಯ ಮಟ್ಟಕ್ಕೆ ನೀರು ಬಂದರೆ ಮುಂದುವರಿಯಲೇಬಾರದು. ಸಿಲಿಂಡರಿಗೆ ನುಗ್ಗಿದ ನೀರನ್ನು ಪಿಸ್ಟನ್ ಅದುಮಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ಒತ್ತುತ್ತ ನಿಧಾನವಾಗಿ ಸ್ವಲ್ಪ ದೂರ ಹೋಗಿ, ಒದ್ದೆಯಾದ ಲೈನರುಗಳನ್ನು ಒಣಗಿಸಿಕೊಳ್ಳಿ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಕೆಸರು ಅಥವಾ ಮರಳಿನಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸುವುದು. ಒಂದು ಚಕ್ರದ ಮೇಲೆ 350 ಕಿಲೋ ಭಾರವಿದ್ದು, ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋ ಇದ್ದರೆ ನೆಲಕ್ಕೆ ತಾಗುವ ಭಾಗ ಹೆಚ್ಚುಕಡಿಮೆ 175 ಚದರ ಸೆಂಟಿಮೀಟರು. ಒತ್ತಡವನ್ನು 1.4ಕ್ಕೆ ಇಳಿಸಿದರೆ ಅದು 250ಕ್ಕೆ ಏರುತ್ತದೆ. ಭಾರ ಹರಡುತ್ತದೆ, ಚಕ್ರ ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಆದರೆ ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಬೇಕು. ಇಳಿಸಿದ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯಬಹುದು. ಸಿಕ್ಕಿಕೊಂಡ ವಾಹನವನ್ನು ಎಳೆಯಲು ಹಗ್ಗವನ್ನು ಬಂಪರಿಗೆ ಕಟ್ಟದೆ ಚಾಸಿಸಿಗೆ ಬೋಲ್ಟು ಮಾಡಿದ ಕೊಕ್ಕೆಗೇ ಕಟ್ಟಿ. ಎಳೆಯುವಾಗ ಬಿಗಿದ ಹಗ್ಗದ ಸನಿಹ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಭಾಗವು ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಾದರೆ ಸಾರಿಗೆ ಕಚೇರಿಯ ಅನುಮತಿ ಬೇಕು. ಮುಂಭಾಗಕ್ಕೆ ಕಬ್ಬಿಣದ ಗಾರ್ಡು ಹಾಕುವುದೂ ಕಾಯ್ದೆಗೆ ವಿರುದ್ಧ ಎಂದು 2017ರಲ್ಲಿ ಕೇಂದ್ರ ಸಚಿವಾಲಯ ರಾಜ್ಯಗಳಿಗೆ ತಿಳಿಸಿತ್ತು. ನೋಂದಣಿಯಾಗಿ 15 ವರ್ಷ ಕಳೆದ ಖಾಸಗಿ ವಾಹನವನ್ನು ತಪಾಸಣೆಗೆ ಒಪ್ಪಿಸಿ ನೋಂದಣಿ ನವೀಕರಿಸಿಕೊಳ್ಳಬೇಕು. ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ವಾಹನ ನುಗ್ಗಿಸುವುದು ಅಪರಾಧ. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲಿನ ಮೇಲೆ ಮೂಡಿದ ಚಕ್ರದ ಗುರುತು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಆ ಮಣ್ಣು ಹಳ್ಳ ಸೇರುತ್ತದೆ. ಇರುವ ಹಾದಿಯನ್ನು ಬಿಟ್ಟು ಹೊಸ ಹಾದಿ ಮಾಡದಿರುವುದು ಒಳ್ಳೆಯ ಚಾಲಕನ ಲಕ್ಷಣ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಹಳೆಯ ಜೀಪುಗಳನ್ನು ಬಲ್ಲ ಮೇಸ್ತ್ರಿ ಒಬ್ಬರು ಇರಬಹುದು. ಎಂಜಿನ್ನಿನ ಸದ್ದಿನಿಂದಲೇ ದೋಷ ಹೇಳಬಲ್ಲ ಇಂಥವರ ವಿದ್ಯೆ ಬಹುಪಾಲು ಬರವಣಿಗೆಗೆ ಇಳಿದಿಲ್ಲ. ಬಿಡುವಿನ ದಿನ ಅವರ ಬಳಿ ಹೋಗಿ, ನೋಡಿ, ಕೇಳಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಇದು ಪಾಠದ ಮುಂದುವರಿಕೆ. ಉಳಿದವರಿಗೆ ಭೌತಶಾಸ್ತ್ರದ ಪ್ರಯೋಗಶಾಲೆ. ಮಳೆಯ ರಾತ್ರಿ ಗುಡ್ಡದ ಮೇಲಿನ ಮನೆಯಿಂದ ಕರೆ ಬಂದಾಗ ಕೆಲಸಕ್ಕೆ ಬರುವುದು ದೀಪಗಳ ಸಾಲಾಗಲಿ, ಎತ್ತರದ ಟೈರಾಗಲಿ ಅಲ್ಲ. ಒತ್ತಿದಾಗ ಹಿಡಿಯುವ ಬ್ರೇಕು ಮತ್ತು ಅದನ್ನು ಹಿಂದಿನ ದಿನವೇ ಪರೀಕ್ಷಿಸಿಟ್ಟ ಕೈ.