ಎಂಜಿನ್ನಿನ ಕಿವಿ

ಕೋಡಿಹಳ್ಳಿಗೆ ಹೋಗುವಾಗ ಒಂದು ಏರಿನಲ್ಲಿ ನನ್ನ ಕಾರು ಕಸುವುಗುಂದಿತು. ಎದುರಿನ ಫಲಕದಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿತು. ಗ್ಯಾರೇಜಿನವನು ಯಂತ್ರ ಹಚ್ಚಿ ನೋಡಿ, “ಪಿ 0325 ಅಂತ ಬರ್ತಿದೆ ಮೇಷ್ಟ್ರೇ, ನಾಕ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು” ಎಂದ.

ಈ ಸೆನ್ಸರ್ ಎಂಜಿನ್ನಿನ ಕಿವಿಯೆನ್ನಿ. ಅದುಮಿದರೆ ವಿದ್ಯುತ್ತು ಹೊಮ್ಮಿಸುವ ಬಿಲ್ಲೆಯೊಂದು ಅದರೊಳಗಿದೆ. ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದ ಗುಣವಿದು. ಹಳೆಯ ಗ್ರಾಮಫೋನುಗಳ ಸ್ಫಟಿಕದ ಪಿಕಪ್ಪೂ ಇದೇ ಜಾತಿಯದು. ಸಿಲಿಂಡರಿನಲ್ಲಿ ಇಂಧನವು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ‘ಟಕಟಕ’ ಎಂದಿತೋ, ಈ ಕಿವಿ ಕೇಳಿ ತಿಳಿಸುತ್ತದೆ. ಗಣಕವು ಕಿಡಿಯನ್ನು ತುಸು ತಡಮಾಡುತ್ತದೆ. ಕಿವಿ ಕೆಟ್ಟರೆ ಗಣಕಕ್ಕೆ ಅಂಜಿಕೆ: ಕಿಡಿಯನ್ನು ಸದಾ ತಡವಾಗಿಯೇ ಹಾರಿಸುತ್ತದೆ. ಏರಿನಲ್ಲಿ ಬಲ ಸಾಲದು, ಪೆಟ್ರೋಲೂ ಹೆಚ್ಚು ಬೇಕು.

ಆದರೆ ಆ ಸಂಕೇತದ ಅರ್ಥ ಸೆನ್ಸರಿನ ವಿದ್ಯುತ್ ಮಾರ್ಗದಲ್ಲಿ ದೋಷವೆಂದಷ್ಟೇ. ವ್ಯಾಕರಣ ಓದಿದವನಿಗೆ ಪದಚ್ಛೇದ ಮಾಡದೆ ಅರ್ಥ ಒಪ್ಪಲಾದೀತೆ? ತಂತಿ ತೋರಿಸು ಎಂದೆ. ಇಲಿ ಕಡಿದಿತ್ತು! ತಂತಿ ಬದಲಿಸಿ ಸಂಕೇತ ಅಳಿಸಿದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ.

ನಿಮಗೂ ಹೀಗಾದರೆ ಮೊದಲು ತಂತಿ, ಅದರ ಜೋಡಣೆ, ಸೆನ್ಸರಿನ ಬೋಲ್ಟು ಇವನ್ನು ನೋಡಿಸಿ. ಬೋಲ್ಟು ಸಡಿಲವಾದರೂ ಕಷ್ಟ, ಅತಿಯಾಗಿ ಬಿಗಿದರೂ ಕಷ್ಟ. ಬಳಿಕ ಮೀಟರು ಹಚ್ಚಿ ಸೆನ್ಸರಿನ ಪಕ್ಕದಲ್ಲಿ ಮೆಲ್ಲನೆ ತಟ್ಟಿಸಿ. ಮುಳ್ಳು ಅಲ್ಲಾಡದಿದ್ದರೆ ಹೊಸದು ಕೊಳ್ಳಿ. ಬಡಿತವೇ ನಿಜವಾಗಿ ಕೇಳುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ಪಿಸ್ಟನ್ನೇ ಒಡೆದೀತು.