ಮೊಟ್ಟೆ ಸಿಕ್ಕಿಕೊಂಡ ಹೇಂಟೆಗೆ ಮನೆಯ ಆರೈಕೆ

ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿದರೆ ಅದರ ಆದಾಯ ಮನೆಯ ಹೆಣ್ಣುಮಕ್ಕಳ ಕೈಗಾಸು. ಹಾಲಿನ ದುಡ್ಡು, ರಾಗಿಯ ದುಡ್ಡು ಯಜಮಾನರ ಜೇಬಿಗೆ ಹೋದರೂ ಮೊಟ್ಟೆಯ ದುಡ್ಡು ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. ಮಗುವಿನ ಪುಸ್ತಕಕ್ಕೆ, ಸಂಘದ ಕಂತಿಗೆ, ನೆಂಟರು ಬಂದಾಗ ಸಕ್ಕರೆ ಕಾಫಿಪುಡಿಗೆ ಅದೇ ಆಧಾರ. ಹೀಗಿರುವಾಗ, ನಿನ್ನೆಯವರೆಗೆ ಚುರುಕಾಗಿ ಕೆದಕಿಕೊಂಡಿದ್ದ ಹೇಂಟೆ ಇಂದು ಮೂಲೆಯಲ್ಲಿ ಮುದುಡಿ ಕುಳಿತಿತೆನ್ನಿ. "ಸಾಯೋಕೆ ಮುಂಚೆ ಕುಯ್ದುಬಿಡಿ, ಸಾರಿಗಾದರೂ ಆಗುತ್ತೆ" ಎನ್ನುವವರೇ ಹೆಚ್ಚು. ಸ್ವಲ್ಪ ತಾಳಿ. ಕತ್ತಿ ಹುಡುಕುವುದಕ್ಕೆ ಮುಂಚೆ ಆ ಕೋಳಿಯ ಹೊಟ್ಟೆ ಮುಟ್ಟಿ ನೋಡಿ. ಮೊಟ್ಟೆ ಒಳಗೆ ಸಿಕ್ಕಿಕೊಂಡಿದ್ದರೆ, ಅರ್ಧ ದಿನದ ಆರೈಕೆಯಿಂದ ಅದು ಬದುಕುವ ಸಂಭವ ಉಂಟು.

ಮೊಟ್ಟೆ ಏಕೆ ಸಿಕ್ಕಿಕೊಳ್ಳುತ್ತದೆ? ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಇದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. 55–60 ಗ್ರಾಂ ತೂಗುವ ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಇರುತ್ತದೆ. ಮೊಟ್ಟೆಯನ್ನು ಹೊರಕ್ಕೆ ತಳ್ಳುವ ಸ್ನಾಯುಗಳಿಗೂ ಇದೇ ಅಂಶ ಬೇಕು. ಅದು ಸಾಲದೆ ಹೋದರೆ ಚಿಪ್ಪು ತೆಳುವಾಗುತ್ತದೆ, ಸ್ನಾಯುಗಳ ಬಲ ಕುಂದುತ್ತದೆ, ಮೊಟ್ಟೆ ದಾರಿಯಲ್ಲೇ ನಿಲ್ಲುತ್ತದೆ. ಮೊದಲ ಸಲ ಮೊಟ್ಟೆಯಿಡುವ ಎಳೆಯ ಕೋಳಿ, ವಯಸ್ಸಾದ ಕೋಳಿ, ಬೊಜ್ಜು ಬೆಳೆದ ಕೋಳಿ, ವಿಪರೀತ ದೊಡ್ಡ ಮೊಟ್ಟೆ ಕಟ್ಟಿದ ಕೋಳಿ — ಇವುಗಳಲ್ಲಿ ಈ ತೊಂದರೆ ಹೆಚ್ಚು.

ಗುರುತು ಹೇಗೆ? ಕೋಳಿ ರೆಕ್ಕೆಪುಕ್ಕ ಉಬ್ಬಿಸಿಕೊಂಡು ಒಂಟಿಯಾಗಿ ನಿಲ್ಲುತ್ತದೆ. ಮೇವು ಮುಟ್ಟುವುದಿಲ್ಲ. ಮೊಟ್ಟೆಯಿಡುವ ಬುಟ್ಟಿಗೆ ಹೋಗುತ್ತದೆ, ಮುಕ್ಕುತ್ತದೆ, ಬರಿದೇ ಎದ್ದು ಬರುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ. ಕಾಲು ಅಗಲಿಸಿ, ಎದೆ ಎತ್ತಿ, ನೆಟ್ಟಗೆ ನಿಲ್ಲುವುದೂ ಉಂಟು. ಆಗ ಕೋಳಿಯನ್ನು ಮೆಲ್ಲಗೆ ಎತ್ತಿಕೊಂಡು, ಹಿಂಭಾಗದ ದ್ವಾರದ ಕೆಳಗಡೆ ಹೊಟ್ಟೆಯನ್ನು ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ. ಗಟ್ಟಿಯಾದ ಗುಂಡು ಕೈಗೆ ತಾಗಿದರೆ ಅದೇ ಮೊಟ್ಟೆ. ತೋಲುಮೊಟ್ಟೆಯಾದರೆ ಹೀಗೆ ತಾಗಲಿಕ್ಕಿಲ್ಲ, ನೆನಪಿರಲಿ.

ಇಲ್ಲಿ ಎರಡು ವಿಷಯ ಬೇರ್ಪಡಿಸಿ ನೋಡತಕ್ಕದ್ದು. ಕಾವಿಗೆ ಬಂದ ಕೋಳಿಯೂ ಬುಟ್ಟಿ ಬಿಟ್ಟು ಏಳುವುದಿಲ್ಲ. ಆದರೆ ಅದು ಹತ್ತಿರ ಹೋದರೆ ಗುರುಗುಟ್ಟುತ್ತದೆ, ಕುಕ್ಕಲು ಬರುತ್ತದೆ. ಅದಕ್ಕೆ ರೋಗವೇನೂ ಇಲ್ಲ. ಇನ್ನೊಂದು, ಕೊಕ್ಕರೆ ರೋಗ. ಇದನ್ನೇ ರಾಣಿಖೇತ್ ಎನ್ನುವುದು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಇದರ ಲಕ್ಷಣ. ಒಂದಲ್ಲ, ಹಲವು ಕೋಳಿ ಒಟ್ಟಿಗೆ ಮಂಕಾದರೆ ಅಥವಾ ದಿಢೀರನೆ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಕುಯ್ದು ತಿನ್ನಬೇಡಿ, ಮಾರಲೂ ಬೇಡಿ. ಹಕ್ಕಿಜ್ವರವೂ ಇರಬಹುದು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಮೊಟ್ಟೆ ಸಿಕ್ಕಿಕೊಂಡಿದೆ ಎಂದು ಕಂಡುಬಂದರೆ ಮಾಡಬೇಕಾದ್ದು ಹೀಗೆ. ಅಗಲವಾದ ಬಾಂಡಲಿ ಅಥವಾ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ಬಾಣಂತಿಗೆ ಎರೆಯುವಷ್ಟು ಬಿಸಿ ಬೇಡ. ಮೊಣಕೈ ಅದ್ದಿದರೆ ಹಿತವಾಗಿರಬೇಕು. ಕೋಳಿಯ ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ 15–20 ನಿಮಿಷ ಕೂರಿಸಿ. ತಲೆ, ಎದೆ ನೀರಿನ ಮೇಲಿರಲಿ. ರೆಕ್ಕೆಗಳನ್ನು ಎರಡು ಕೈಯಿಂದ ಮೆಲ್ಲಗೆ ಹಿಡಿದುಕೊಂಡಿದ್ದರೆ ಅದು ಒದ್ದಾಡುವುದಿಲ್ಲ. ಆಮೇಲೆ ಹಳೆಯ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆಯಲ್ಲಿ ಚಳಿ ಹಿಡಿದರೆ ಮಾಡಿದ ಕೆಲಸ ವ್ಯರ್ಥ. ದ್ವಾರದ ಸುತ್ತ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು, ಗಾಳಿಯಾಡಲು ಸಂದು ಬಿಟ್ಟು ಗೋಣಿಚೀಲ ಮುಚ್ಚಿ. ಬೆಚ್ಚಗಿನ, ಕತ್ತಲೆಯ, ಸದ್ದಿಲ್ಲದ ಜಾಗ ಬೇಕು. ಒಲೆಯ ತೀರ ಹತ್ತಿರ ಬೇಡ, ಹೊಗೆ ಆಗದು. ಕುಡಿಯಲು ನೀರಿಡಿ, ತಾನಾಗಿ ಕುಡಿಯಲಿ. ಕೊಕ್ಕು ಬಿಡಿಸಿ ಸುರಿದರೆ ನೀರು ಶ್ವಾಸಕೋಶಕ್ಕೆ ಹೋದೀತು. ಎರಡು ಮೂರು ಗಂಟೆ ಕಳೆದರೂ ಮೊಟ್ಟೆ ಬಾರದಿದ್ದರೆ ಇನ್ನೊಮ್ಮೆ ನೀರಿನಲ್ಲಿ ಕೂರಿಸಿ.

ಇನ್ನು, ಮಾಡಕೂಡದ ಕೆಲಸಗಳು. ಹೊಟ್ಟೆ ಹಿಸುಕಿ ಮೊಟ್ಟೆ ಹೊರಡಿಸಲು ಹೋಗಬೇಡಿ. ಕಡ್ಡಿ ಹಾಕಿ ಒಡೆಯಬೇಡಿ. ಒಳಗೆ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ಚುಚ್ಚಿ ಹುಣ್ಣಾಗಿ, ನಂಜೇರಿ ಕೋಳಿ ಸಾಯುತ್ತದೆ. ಎಲೆಗೆ ಹಾಕುವ ಸುಣ್ಣವನ್ನು ಬಾಯಿಗೆ ಸವರಬೇಡಿ, ಸುಡುತ್ತದೆ. ಹಸುವಿಗೆಂದು ತಂದಿಟ್ಟ ಕ್ಯಾಲ್ಸಿಯಂ ಔಷಧವನ್ನೂ ವೈದ್ಯರನ್ನು ಕೇಳದೆ ಕುಡಿಸಬೇಡಿ.

ಎರಡು ಸಲ ನೀರಿನಲ್ಲಿ ಕೂರಿಸಿಯೂ ಫಲ ಕಾಣದಿದ್ದರೆ, ಕಾಲು ಸೋತರೆ, ರಕ್ತ ಕಂಡರೆ, ಅಥವಾ ಕೆಂಪಗೆ ಮಾಂಸದಂಥದು ಹೊರಗೆ ಇಳಿದಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. "ನಾಳೆ ನೋಡೋಣ" ಎಂದರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಸಂಚಕಾರ. ಕೆಂಪು ಕಂಡರೆ ಮಿಕ್ಕ ಕೋಳಿಗಳು ಅಲ್ಲೇ ಕುಕ್ಕುತ್ತವೆ. ಆದುದರಿಂದ ಮೊದಲು ಬೇರೆ ಮಾಡಿ. ವೈದ್ಯರು ಔಷಧ ಕೊಟ್ಟರೆ, ಎಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನಬಾರದು, ಮಾರಬಾರದು ಎಂದು ಕೇಳಿ ತಿಳಿದುಕೊಳ್ಳಿ. ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬೇಡಿ.

ಈ ತೊಂದರೆಯನ್ನು ಬಹುಮಟ್ಟಿಗೆ ಮೊದಲೇ ತಡೆಯಬಹುದು. "ನಾವು ರಾಗಿ ಹಾಕ್ತೀವಲ್ಲ, ಅದರಲ್ಲಿ ಸುಣ್ಣದ ಅಂಶ ಇದೆಯಲ್ಲ" ಅಂತೀರಾ? ಇದೆ. ಅಕ್ಕಿ, ಜೋಳಗಳಿಗಿಂತ ಎಷ್ಟೋ ಹೆಚ್ಚು. ಆದರೂ 100 ಗ್ರಾಂ ರಾಗಿಯಲ್ಲಿ ಸಿಗುವುದು ಸುಮಾರು ಮೂರನೇ ಒಂದು ಗ್ರಾಂ. ಚಿಪ್ಪಿಗೆ ಬೇಕಾದದ್ದು 2 ಗ್ರಾಂ. ಲೆಕ್ಕ ನೀವೇ ಹಾಕಿ. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆಯಿಟ್ಟು ಹೇಗೋ ಸಂಭಾಳಿಸಿಕೊಳ್ಳುತ್ತದೆ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ಕೋಳಿಗಳು ಅದರ ಎರಡರಷ್ಟಕ್ಕೂ ಮಿಕ್ಕಿ ಮೊಟ್ಟೆಯಿಡುತ್ತವೆ. ಅವಕ್ಕೆ ಬರಿಯ ಕಾಳು ಸಾಲದು.

ಅದಕ್ಕೆ ದುಡ್ಡಿನ ಖರ್ಚಿಲ್ಲದ ಉಪಾಯವಿದೆ. ಅಡಿಗೆಮನೆಯ ಮೊಟ್ಟೆಚಿಪ್ಪನ್ನು ಎಸೆಯದೆ ತೊಳೆದು ಒಣಗಿಸಿ, ಬಾಣಲೆಯಲ್ಲಿ ಹುರಿದು, ಗುರುತು ಸಿಗದಂತೆ ತರಿತರಿಯಾಗಿ ಕುಟ್ಟಿ. ಇಡೀ ಚಿಪ್ಪು ಹಾಕಿದರೆ ಕೋಳಿಗಳು ತಮ್ಮ ಮೊಟ್ಟೆಯನ್ನೇ ಒಡೆದು ತಿನ್ನುವ ಚಟ ಕಲಿತಾವು. ಕರಾವಳಿಯವರಿಗೆ ಸಮುದ್ರದ ಚಿಪ್ಪು ಇದ್ದೇ ಇದೆ. ಈ ತರಿಯನ್ನು ಮೇವಿನೊಡನೆ ಬೆರೆಸದೆ ಬೇರೆ ಕುಡಿಕೆಯಲ್ಲಿಡಿ. ಮೊಟ್ಟೆಯಿಡುವ ಕೋಳಿ ತನಗೆ ಬೇಕಾದಷ್ಟು ತಿನ್ನುತ್ತದೆ. ಮರಿಗಳಿಗೆ ಇದನ್ನು ಕೊಡಕೂಡದು, ಅವುಗಳ ಮೂತ್ರಪಿಂಡ ಕೆಡುತ್ತದೆ. ಹಗಲು ಬಿಸಿಲಿಗೆ ಬಿಡಿ. ಬಿಸಿಲಿಲ್ಲದೆ ತಿಂದ ಸುಣ್ಣದ ಅಂಶ ಮೈಗೆ ಹತ್ತದು. ನೆರಳಿನಲ್ಲಿ ಶುದ್ಧವಾದ ನೀರು, ನಾಲ್ಕೈದು ಕೋಳಿಗೆ ಒಂದರಂತೆ ಹುಲ್ಲು ಹಾಸಿದ ಬುಟ್ಟಿ ಇರಲಿ. ಉಳಿದ ಅನ್ನವನ್ನೇ ಸುರಿದು ಬೊಜ್ಜು ಬೆಳೆಸಬೇಡಿ.

ಒಂದೇ ಕೋಳಿಗೆ ಪದೇ ಪದೇ ಹೀಗಾದರೆ ಅದರ ಮೊಟ್ಟೆಯನ್ನು ಕಾವಿಗೆ ಇಡದಿರುವುದು ಒಳ್ಳೆಯದು. ಎಲ್ಲ ಕೋಳಿಯೂ ಉಳಿದೀತೆಂದು ಹೇಳಲಾರೆವು. ಆದರೆ ಉಳಿಯಬಹುದಾದದ್ದನ್ನು ಕೈಯಾರೆ ಕಳೆದುಕೊಳ್ಳುವುದು ಬೇಡ. ಮೊದಲು ಬೆಚ್ಚಗಿನ ನೀರು. ಕತ್ತಿಯ ಮಾತು ಆಮೇಲೆ.